ಸಂಪಾದಕರ ಉತ್ತರ: ಕಾವಲು ಪಾಳು ಜಮೀನಲ್ಲ

ಕಡೂರು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಊರಿನ ಪಕ್ಕದಲ್ಲಿರುವ ಅಮೃತಮಹಲ್ ಕಾವಲನ್ನು, ಎಂದರೆ ಅಮೃತಮಹಲ್ ತಳಿಯ ದನಗಳ ಮೇವಿಗೆ ಕಾದಿಟ್ಟ ಹುಲ್ಲುಗಾವಲನ್ನು, ಬ್ರಿಟಿಷರು ಮಾಡಿದ್ದಂತೆ, ನಿಜವೇ? ಬರೀ ಹುಲ್ಲು ಬೆಳೆಯುವ ಪಾಳು ಜಾಗದಲ್ಲಿ ಗಿಡ ನೆಟ್ಟು ಕಾಡು ಬೆಳೆಸಿದರೆ ಒಳ್ಳೆಯದಲ್ಲವೇ?

ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. ಬ್ರಿಟಿಷರು ಬರುವ ನೂರು ವರ್ಷ ಮೊದಲೇ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ಬೇರೆಬೇರೆ ಕಡೆ ಕಾವಲುಗಳನ್ನು ಬಿಡಿಸಿದ್ದರು. ಹಾಲು ಬೆಣ್ಣೆಯ ಆ ದನಗಳನ್ನು ದಂಡಿಗೆ ಹೂಡಿದವನು ಹೈದರ್ ಅಲಿ. ಚಿದಂಬರದ ನೆರವಿಗೆ ಅವನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರ್ ಬರೆದಿದೆ. ‘ಅಮೃತಮಹಲ್’ ಎಂಬ ಹೆಸರು ಟಿಪ್ಪು ಕೊಟ್ಟದ್ದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಕಂಪನಿಯ ಕೈಸೇರಿದವು. 1860ರಲ್ಲಿ ಖರ್ಚು ಉಳಿಸಲು ಹಿಂಡುಗಳನ್ನೇ ಮಾರಿಬಿಟ್ಟರು. ಫಿರಂಗಿ ಎಳೆಯಲು ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿಯನ್ನು ಒಂದು ಲೆಕ್ಕಪುಸ್ತಕಕ್ಕಾಗಿ ಹರಾಜು ಹಾಕಿದ್ದು ನನಗೆ ಇಂದಿಗೂ ಸಂಕಟ ಕೊಡುವ ಸಂಗತಿ. 1882ರಲ್ಲಿ ಅಮೃತಮಹಲ್ ಇಲಾಖೆ ಮೈಸೂರು ಸರ್ಕಾರಕ್ಕೆ ಬಂತು. ಈಗ ಈ ತಳಿಯ ಮೂಲಕೇಂದ್ರ ಅಜ್ಜಂಪುರ.

ಎರಡನೆಯ ಪ್ರಶ್ನೆಯೇ ನನಗೆ ಮುಖ್ಯ. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ಮೂರು ಬಗೆ ಇದ್ದವು. ಕೆರೆಯಂಗಳ, ನೆರಳಿರುವ ತಗ್ಗು ಬೇಸಿಗೆಗೆ. ಮಳೆ ಬಿದ್ದೊಡನೆ ಚಿಗುರುವ ಬಯಲು ಮಳೆಗಾಲಕ್ಕೆ. ಒಂದು ಕಡೆ ಹಿಂಡು ಮೇಯುತ್ತಿದ್ದರೆ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿ ಉದುರಿಸುತ್ತಿತ್ತು. ಪಾಳುಬಿಟ್ಟ ಜಾಗಕ್ಕೆ ಇಷ್ಟು ಲೆಕ್ಕಾಚಾರ ಯಾರು ಮಾಡುತ್ತಾರೆ?

ಗಿಡ ನೆಡುವ ಉತ್ಸಾಹದಲ್ಲಿ ಎಷ್ಟೋ ಕಾವಲುಗಳಲ್ಲಿ ನೀಲಗಿರಿ, ಅಕೇಶಿಯ ಬೆಳೆಸಿದರು. ನೆರಳು ಕವಿದಲ್ಲಿ ಹುಲ್ಲು ಹೋಯಿತು. ಬಯಲಲ್ಲಿ ದೂರದ ಅಪಾಯ ನೋಡಿ ಓಡುವ ಕೃಷ್ಣಮೃಗಕ್ಕೆ ತೋಪಿನೊಳಗೆ ಬದುಕಿಲ್ಲ. ಚಳ್ಳಕೆರೆ ಸೀಮೆಯಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾದಾಗ ಕುರಿಗಾಹಿಗಳೂ ರೈತರೂ ಏಕೆ ಬೀದಿಗಿಳಿದರು ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ತಾಲ್ಲೂಕಿನಲ್ಲೇ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಒಮ್ಮೆ ಹೋಗಿ ನೋಡಿ, ಮಳೆಗಾಲ ಮುಗಿಯುತ್ತಿದ್ದಂತೆ, ಬೆಳಗಿನ ಹೊತ್ತು.

ನಿಮ್ಮ ಊರಿನ ಹಿರಿಯರನ್ನೂ ಕೇಳಿ: ಆ ದನ ಯಾವ ಕಟ್ಟೆಗೆ ನೀರಿಗೆ ಬರುತ್ತಿದ್ದವು, ಯಾವ ದಾರಿಯಲ್ಲಿ ಊರು ದಾಟುತ್ತಿದ್ದವು, ಕರಡ (ಒಣಗಿದ ಹುಲ್ಲು) ಕೊಯ್ಯಲು ಯಾರಿಗೆ ಅನುಮತಿ ಇತ್ತು? ಬರೆದು ಕಳಿಸಿದರೆ ಪತ್ರಿಕೆಯಲ್ಲಿ ಜಾಗ ಕೊಡುತ್ತೇವೆ.