ಮಿಲಿಟರಿ ರಗ್ಗಿನಲ್ಲಿ ಬೆಚ್ಚಗಿನ ಕಿಲ್ಟ್ ಹೊಲಿಯಬಹುದೇ?

ಪ್ರಶ್ನೆ: ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಕೆಲಸದಲ್ಲಿದ್ದೇನೆ. ಚಳಿಗಾಲದಲ್ಲೂ ಗೆಳೆಯರ ಜೊತೆ ಗುಡ್ಡ ಸುತ್ತುತ್ತೇನೆ. ಒಂದು ಕಿಲ್ಟ್ (ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು) ಬೇಕು, ಆದರೆ ಹೊಲಿಸೋಕೆ ಹೋದರೆ ತುಂಬಾ ದುಬಾರಿ. ಸೈನ್ಯದ ಹಳೆ ಸಾಮಾನು ಮಾರುವ ಸರ್ಪ್ಲಸ್ ಅಂಗಡಿಯಲ್ಲಿ ಬೂದು ಬಣ್ಣದ ಎರಡು ಉಣ್ಣೆ ರಗ್ಗು ಅಗ್ಗಕ್ಕೆ ಸಿಕ್ಕಿವೆ. ಒಂದೊಂದೂ 60 ಇಂಚು ಅಗಲ, 84 ಇಂಚು ಉದ್ದ, ತೂಕ 1.8 ಕೆ.ಜಿ. ಮಷಿನ್ ಹೊಲಿಗೆ ಅಷ್ಟಿಷ್ಟು ಬರುತ್ತೆ. ನನ್ನ ಸೊಂಟ 34, ಸೀಟ್ (ಪೃಷ್ಠದ ಸುತ್ತಳತೆ) 40 ಇಂಚು. ಕಿಲ್ಟಿಗೆ ಎಂಟು ಗಜ ಬೇಕು ಅಂತಾರೆ, ಇವೆರಡು ಸಾಲುತ್ತವಾ? ಚುಚ್ಚುತ್ತಾ? ಅಮ್ಮ ಚಳ್ಳಕೆರೆಯ ಕರಿ ಕಂಬಳಿ ತರ್ತೀನಿ ಅಂತಿದ್ದಾರೆ, ಅದರಲ್ಲಾದರೂ ಆಗುತ್ತಾ?

ಉತ್ತರ: ನಿಮಗೆ ಒಂದೇ ರಗ್ಗು ಸಾಕು. ಎಂಟು ಗಜದ ಯೋಚನೆ ಮೊದಲು ಬಿಡಿ.

ಎಂಟು ಗಜದ ಲೆಕ್ಕ ಇರುವುದು ಟಾರ್ಟನ್ ಅನ್ನುವ ಚೌಕಳಿ ಉಣ್ಣೆ ಬಟ್ಟೆಗೆ. ಅದರ ನೂಲು ನುಣುಪು, ನೇಯ್ಗೆ ಬಿಗಿ. ಇಸ್ತ್ರಿ ಒತ್ತಿದರೆ ನೆರಿಗೆ ಚಾಕುವಿನ ಅಂಚಿನಂತೆ ನಿಲ್ಲುತ್ತದೆ. ಎರಡು ಪನ್ನದ, ಅಂದರೆ ಐದಡಿಯಷ್ಟು ಅಗಲದ, ಒಂದು ಗಜ ತೂಗಿದರೆ 13ರಿಂದ 16 ಔನ್ಸ್. ನಿಮ್ಮ ರಗ್ಗನ್ನು ಅದೇ ಲೆಕ್ಕಕ್ಕೆ ಹಿಡಿದರೆ ಗಜಕ್ಕೆ 27 ಔನ್ಸ್ ಬರುತ್ತದೆ. ಎಂಟು ಗಜದ ಕಿಲ್ಟ್‌ನಲ್ಲಿ ಹಿಂಭಾಗಕ್ಕೆ ಸುಮಾರು ಹತ್ತು ಪದರ ಬಟ್ಟೆ ಕೂರುತ್ತದೆ. ರಗ್ಗಿನಲ್ಲಿ ಹಾಗೆ ಮಾಡಿದರೆ ಬೆನ್ನಿಗೆ ದಿಂಬು ಕಟ್ಟಿಕೊಂಡಂತೆ! ಕೂರುವುದಕ್ಕೂ ಆಗದು, ಸೂಜಿಯೂ ಇಳಿಯದು.

ಇದಕ್ಕೆ ದಾರಿ ಸ್ಕಾಟ್ಲೆಂಡಿನ ಹಳೆಯ ಕಿಲ್ಟ್‌ಗಳಲ್ಲೇ ಇದೆ. 1746ರ ಕಾನೂನು ಸ್ಕಾಟ್ಲೆಂಡಿನಲ್ಲಿ ಸೈನಿಕರಲ್ಲದ ಗಂಡಸರಿಗೆ ಹೈಲ್ಯಾಂಡಿನ, ಅಂದರೆ ಅಲ್ಲಿನ ಉತ್ತರದ ಗುಡ್ಡಗಾಡಿನ, ಈ ಉಡುಪನ್ನು ನಿಷೇಧಿಸಿತು. ಅದು ರದ್ದಾಗಿದ್ದು 1782ರಲ್ಲಿ. ಆಮೇಲೆ 1790ರ ದಶಕದ ಹೊತ್ತಿಗೆ ಬಂದ ಹೊಲಿದ ಕಿಲ್ಟ್‌ಗಳಿಗೆ ನಾಲ್ಕು ಗಜದಷ್ಟೇ ಬಟ್ಟೆ, ಅಗಲವಾದ ಬಾಕ್ಸ್ ನೆರಿಗೆ, ಅಂದರೆ ಎರಡೂ ಪಕ್ಕ ಹಿಂದಕ್ಕೆ ಮಡಚಿದ ಚಪ್ಪಟೆ ನೆರಿಗೆ. ದಪ್ಪ ಬಟ್ಟೆಗೆ ಇದೇ ಸರಿ. ಬಾಕ್ಸ್ ನೆರಿಗೆಯಲ್ಲಿ ಎಲ್ಲಿ ನೋಡಿದರೂ ಮೂರೇ ಪದರ. ಇನ್ನು ಚೌಕಳಿ ಇಲ್ಲ ಅನ್ನುವ ಸಂಕೋಚ ಬೇಡ. 1859ರಲ್ಲಿ ಶುರುವಾದ ಲಂಡನ್ ಸ್ಕಾಟಿಷ್ ಪಡೆಯ ಕಿಲ್ಟ್ ಕೂಡ ಚೌಕಳಿ ಇಲ್ಲದ ಬೂದು ಉಣ್ಣೆಯದೇ.

ಕತ್ತರಿ ಹಾಕುವ ಮುಂಚೆ ಎರಡು ಕೆಲಸ. ಒಂದು ನೂಲು ಎಳೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿಗೆ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್ ಬೆರೆತಿದೆ, ಆಗ ಜಾಸ್ತಿ ಬಿಸಿ ಇಸ್ತ್ರಿ ಇಡಬೇಡಿ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಉಣ್ಣೆಯ ಸೋಪು ಹಾಕಿ ತೊಳೆಯಿರಿ. ಹಿಂಡದೆ ಹರವಿ ಒಣಗಿಸಿ. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ನುಸಿಗುಳಿಗೆ ವಾಸನೆಯೂ ಎಷ್ಟೋ ಕಮ್ಮಿಯಾಗುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನುಸಿ ತಿಂದ ತೂತುಗಳಿಗೆ ಚಾಕ್‌ನಲ್ಲಿ ಗುರುತು ಹಾಕಿ. ಆ ಜಾಗ ನೆರಿಗೆಯ ಒಳಗೆ ಹೋಗುವಂತೆ ನೋಡಿಕೊಂಡರಾಯಿತು.

ಕಿಲ್ಟ್ ಹೊಕ್ಕುಳ ಮಟ್ಟದಿಂದ ಮಂಡಿಯ ನಡುವಿನವರೆಗೆ ಬರಬೇಕು. ಸುಮಾರು 24 ಇಂಚು ಅಂದುಕೊಳ್ಳೋಣ. ರಗ್ಗಿನ ಎರಡು ಉದ್ದದ ಅಂಚುಗಳಿಂದ ಒಳಗೆ 24 ಇಂಚಿನಂತೆ ಎರಡು ಪಟ್ಟಿ ಕತ್ತರಿಸಿ. ಮೂಲ ಅಂಚೇ ಕೆಳಗಿರಲಿ. ಅಲ್ಲಿ ಮಡಚಿ ಹೊಲಿಯುವುದು ಬೇಡವೇ ಬೇಡ, ಮಡಚಿದರೆ ನೆರಿಗೆಯ ತುದಿ ಉಬ್ಬುತ್ತದೆ. ನಡುವೆ ಉಳಿಯುವ 12 ಇಂಚಿನ ಪಟ್ಟಿಯಲ್ಲಿ ಸೊಂಟಪಟ್ಟಿ, ಬಕಲ್ಲಿನ ಪಟ್ಟಿ ಎಲ್ಲ ಆಗುತ್ತವೆ. ತುದಿಯಲ್ಲಿ ಬಣ್ಣದ ಪಟ್ಟೆ ಇದ್ದರೆ ಅದನ್ನು ಮುಂಭಾಗದ ಬಲ ಅಂಚಿಗೆ ತನ್ನಿ, ಚೆಂದ ಕಾಣುತ್ತದೆ.

ಸೀಟ್ 40 ಅಂದರೆ ಮುಂದೆ 20, ಹಿಂದೆ 20. ಮುಂದೆ ಒಂದರ ಮೇಲೊಂದು ನೆರಿಗೆಯಿಲ್ಲದ ಎರಡು ಚಪ್ಪಟೆ ಹಾಸು (ಏಪ್ರನ್), ಅಲ್ಲಿಗೆ 40 ಇಂಚು. ಹಿಂದೆ 4 ಇಂಚು ಅಗಲದ ಐದು ಬಾಕ್ಸ್ ನೆರಿಗೆ. ಒಂದೊಂದಕ್ಕೆ 12 ಇಂಚಿನಂತೆ 60. ಅಂಚು, ಪಕ್ಕದ ಮಡಿಕೆಗೆ 12. ಒಟ್ಟು 112 ಇಂಚು. ನಿಮ್ಮ ಎರಡು ಪಟ್ಟಿ ಸೇರಿದರೆ 168 ಇದೆ. ಮಿಕ್ಕಿದೆ ಅಂತ ಸುಮ್ನೆ ಒಳಗೆ ತುರುಕಬೇಡಿ. ಪಟ್ಟಿಗಳ ಜೋಡಣೆ ಹಿಂದಿನ ನೆರಿಗೆಯ ಒಳಗೆ ಅಡಗಲಿ.

ಕಿಲ್ಟ್ ಚೆನ್ನಾಗಿ ಕೂರುವುದೂ ಕೆಡುವುದೂ ಸೊಂಟದಿಂದ ಸೀಟಿನವರೆಗಿನ ಏಳೆಂಟು ಇಂಚಿನಲ್ಲಿ. ಸೀಟಿನಲ್ಲಿ 4 ಇಂಚು ಇರುವ ನೆರಿಗೆ ಸೊಂಟದಲ್ಲಿ ಮೂರೂವರೆಗಿಂತ ಕೂದಲೆಳೆ ಕಮ್ಮಿ ಆಗಬೇಕು. ಮೊದಲು ಕಚ್ಚಾ ಹೊಲಿಗೆ ಹಾಕಿ, ಸುತ್ತಿಕೊಂಡು, ಕೂತು ಎದ್ದು ನೋಡಿ. ಸರಿ ಅನಿಸಿದ ಮೇಲೆ ಗಟ್ಟಿ ದಾರದಲ್ಲಿ ಕೈಹೊಲಿಗೆ ಹಾಕಿ. ಮಷಿನ್ನೇ ಬೇಕು ಅಂದರೆ 16ನೇ ನಂಬರ್ ಸೂಜಿ, ಉದ್ದ ಟಾಕಾ. ಹೊಲಿದ ಭಾಗದ ಹಿಂದೆ ಉಬ್ಬುವ ಒಳ ಮಡಿಕೆಯನ್ನು ಒಂದು ಇಂಚು ಬಿಟ್ಟು ಕತ್ತರಿಸಿ ತೆಗೆಯಿರಿ, ಅದರ ಮೇಲೆ ಕ್ಯಾನ್ವಾಸ್ ಪಟ್ಟಿ ಕೂರಿಸಿ. ಭಾರ ಕ್ಯಾನ್ವಾಸ್ ಹೊರಬೇಕು, ರಗ್ಗಲ್ಲ. ಇಷ್ಟು ಮಾಡದಿದ್ದರೆ ರಗ್ಗು ಬೇಗ ಜೋಲು ಬೀಳುತ್ತದೆ.

ಒದ್ದೆ ಬಟ್ಟೆ ಹಾಸಿ ಇಸ್ತ್ರಿಯನ್ನು ಒತ್ತಿ ಎತ್ತಿ, ಎಳೆಯಬೇಡಿ. ಆದರೂ ರಗ್ಗಿನ ನೆರಿಗೆ ಟಾರ್ಟನ್ನಿನಷ್ಟು ಚೂಪಾಗಿ ನಿಲ್ಲದು. ಬೇಕಿದ್ದರೆ ಒಳಗಿನ ಮಡಿಕೆಯ ಅಂಚಿಗೆ ಸಣ್ಣಗೆ ಒಂದು ಹೊಲಿಗೆ ಓಡಿಸಿ. ಚುಚ್ಚುವುದಕ್ಕೆ ಹತ್ತಿಯ ಲೈನಿಂಗ್ ಇದೆ. ಅದನ್ನು ಸೀಟಿನವರೆಗೆ ಮಾತ್ರ ಕೊಡಿ, ನೆರಿಗೆಗೆ ಬೇಡ.

ಬೆಚ್ಚಗಂತೂ ಇರುತ್ತದೆ. ರಗ್ಗಿನ ಜುಂಗಿನಲ್ಲಿ ಗಾಳಿ ನಿಲ್ಲುತ್ತದೆ, ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸುವುದಿಲ್ಲ. ಜೋರು ಮಳೆಯಲ್ಲಿ ನೆನೆದರೆ ಮಾತ್ರ ವಿಪರೀತ ಭಾರ. ಗುಡ್ಡಕ್ಕೆ ಹೋಗುವಾಗ ಮಳೆಪ್ಯಾಂಟ್ ಚೀಲದಲ್ಲಿರಲಿ.

ಅಮ್ಮ ತರುವ ಕಂಬಳಿಗೆ ದಯವಿಟ್ಟು ಕತ್ತರಿ ಹಾಕಬೇಡಿ. ಅದಕ್ಕೆ ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ. ಒರಟು, ಬಿರುಸು, ನೆರಿಗೆಗೆ ಬಗ್ಗುವುದಿಲ್ಲ. ಹಿಂದೆ ಹೈಲ್ಯಾಂಡಿನವರು ಉದ್ದನೆಯ ಉಣ್ಣೆ ಬಟ್ಟೆಯನ್ನು ಹೊಲಿಯದೆ ಸೊಂಟಕ್ಕೆ ಬೆಲ್ಟ್ ಕಟ್ಟಿ ಉಟ್ಟು, ಮಿಕ್ಕಿದ್ದನ್ನು ಹೆಗಲಿಗೆ ಹಾಕಿ, ರಾತ್ರಿ ಅದನ್ನೇ ಹೊದ್ದು ಮಲಗುತ್ತಿದ್ದರು. ನೀವೂ ಕಂಬಳಿಯನ್ನು ಕಿಲ್ಟಿನ ಮೇಲೆ ಹೆಗಲಿಗೆ ಹಾಕಿಕೊಳ್ಳಿ. ಹನಿ ಬಿದ್ದರೆ ನಮ್ಮ ರೈತರಂತೆ ಕೊಪ್ಪೆ ಮಾಡಿ ತಲೆಗೆ ಏರಿಸಿದರಾಯಿತು.