ಟ್ರೆಡ್ ಸವೆದಿಲ್ಲ, ಪಕ್ಕ ಹರಿದಿದೆ: ಯಾರ ತಪ್ಪು?

ಈ ಸಲ ಬಂದ ಪ್ರಶ್ನೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಅದೇ ಗೋಳು. ಸೈಕಲ್‌ಗೆ ಹಗುರ ಟೈರ್, ಕಲ್ಲಿನ ದಾರಿ, ಹರಿದ ಪಕ್ಕ (ಟೈರಿನ ಬದಿ). ಟ್ಯೂಬ್‌ಲೆಸ್ ಅಂದರೇನು, ಪಂಚರ್ ಹಾಕೋದು ಹೇಗೆ ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಎಂಟಿಬಿಗೆ (ಮೌಂಟನ್ ಬೈಕ್, ಬೆಟ್ಟದ ದಾರಿಯ ಸೈಕಲ್) 600 ಗ್ರಾಂ ಆಸುಪಾಸಿನ ಟೈರ್ ಹಾಕಿಸಿದೆ. 29 ಇಂಚು, 2.25 ಅಗಲ, ಟ್ಯೂಬ್‌ಲೆಸ್. ಆನೆಗೊಂದಿಯ ಬಂಡೆಗಳ ನಡುವೆ ಹೋಗುವಾಗ ಹಿಂದಿನ ಟೈರಿನ ಪಕ್ಕ ಹರಿಯಿತು. ಟ್ರೆಡ್ (ನೆಲಕ್ಕೆ ತಾಗುವ ಭಾಗ) ಇನ್ನೂ ಹೊಸದರಂತೆ ಇದೆ. ಮಾಲೇ ಖರಾಬಾ? (ಗಂಗಾವತಿ)

ಮಾಲು ಚೆನ್ನಾಗಿಯೇ ಇದೆ. ನೀವು ಕೊಂಡದ್ದು ರೇಸ್ ಟೈರ್, ಓಡಿಸಿದ್ದು ಬಂಡೆಗಳ ನಡುವೆ.

ತೂಕ ಇಳಿಸಬೇಕು ಅಂದರೆ ಎಲ್ಲಿಂದಾದರೂ ರಬ್ಬರ್ ತೆಗೆಯಲೇಬೇಕು ಅಲ್ವಾ? ನೆಲಕ್ಕೆ ತಾಗುವ ಜಾಗದಿಂದ ತೀರಾ ಜಾಸ್ತಿ ತೆಗೆಯಲು ಆಗುವುದಿಲ್ಲ. ಹಾಗಾಗಿ ಪಕ್ಕದಿಂದ ತೆಗೆಯುತ್ತಾರೆ. ಟೈರ್ ಬಿಚ್ಚಿದಾಗ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ, ಬೆಳಕಿಗೆ ಹಿಡಿದು ನೋಡಿ. ನೂಲಿನ ಗೆರೆಗಳು ಓರೆಯಾಗಿ ಕಾಣುತ್ತವೆ. ಅದರ ಮೇಲೆ ಇರುವುದು ತೆಳ್ಳನೆ ರಬ್ಬರ್ ಲೇಪ, ಅಷ್ಟೇ. ಒಡೆದ ಗ್ರಾನೈಟ್ ಅಂಚು ಒಮ್ಮೆ ಸವರಿದರೆ ಸಾಕು, ನೂಲು ಕತ್ತರಿಸಿ ಹೋಗುತ್ತದೆ. ಇಂಥ ಟೈರ್ ಸವೆದು ಸಾಯುವುದು ಕಡಿಮೆ, ಕತ್ತರಿಸಿಕೊಂಡು ಸಾಯುವುದೇ ಜಾಸ್ತಿ. ಆದ್ದರಿಂದ "ಎಷ್ಟು ಕಿಲೋಮೀಟರ್ ಬರುತ್ತೆ" ಅಂತ ನನ್ನನ್ನು ಕೇಳಬೇಡಿ. ಎರೆ ಹೊಲದ ಒಣ ಬಂಡಿದಾರಿಯಲ್ಲಿ ಆರಾಮಾಗಿ ಬಾಳುವ ಟೈರ್ ಆನೆಗೊಂದಿಯಲ್ಲಿ ಮೊದಲ ದಿನವೇ ಹೋಗಬಹುದು.

ಟಿಪಿಐ (ಇಂಚಿಗೆ ಎಷ್ಟು ನೂಲು ಅನ್ನುವ ಲೆಕ್ಕ) ಜಾಸ್ತಿ ಇದ್ದರೆ ಗಟ್ಟಿ ಅಂತ ಅಂಗಡಿಯವರು ಹೇಳಿರುತ್ತಾರೆ. ಸುಳ್ಳು. 120 ಟಿಪಿಐ ಅಂದರೆ ಇಂಚಿಗೆ ನೂಲು ಜಾಸ್ತಿ, ಆದರೆ ಒಂದೊಂದು ನೂಲೂ ಸಣ್ಣ. ಟೈರ್ ಮೆತ್ತಗೆ ಓಡುತ್ತದೆ, ನೆಲ ಹಿಡಿಯುತ್ತದೆ. ಕಡಿತ ತಡೆಯುವ ವಿಷಯಕ್ಕೆ ಬಂದರೆ 60 ಟಿಪಿಐನ ದಪ್ಪ ನೂಲೇ ಸಾಮಾನ್ಯವಾಗಿ ವಾಸಿ. ಹೆಸರಿನ ಪಕ್ಕದ ಚಿಕ್ಕ ಅಕ್ಷರ ಓದಿ. ಮ್ಯಾಕ್ಸಿಸ್ ಕಂಪನಿಯ ಟೈರಿನಲ್ಲಿ ಎಕ್ಸೋ ಅಂತ ಇದ್ದರೆ ಪಕ್ಕಕ್ಕೆ ರಕ್ಷಣೆಯ ಪದರ ಇದೆ ಅಂತ ಅರ್ಥ. ಶ್ವಾಲ್ಬೆ ಕಂಪನಿಯದರಲ್ಲಿ ಸೂಪರ್ ಗ್ರೌಂಡ್‌ಗಿಂತ ಸೂಪರ್ ಟ್ರೇಲ್ ಗಟ್ಟಿ.

ನನ್ನ ಮಾತು ಕೇಳುವುದಾದರೆ ಹಗುರ ಟೈರ್ ಮುಂದೆ ಇರಲಿ. ಹಿಂದೆ ಮಾತ್ರ ಪಕ್ಕ ಗಟ್ಟಿ ಇರುವುದನ್ನು, 800-900 ಗ್ರಾಂ ಆದರೂ ಸರಿ, ಹಾಕಿ. ನಿಮ್ಮ ಭಾರ ಜಾಸ್ತಿ ಬೀಳುವುದು ಹಿಂದಿನ ಚಕ್ರದ ಮೇಲೆ. ಮುಂದಿನ ಚಕ್ರವನ್ನು ಕಣ್ಣಿಟ್ಟು ನಡೆಸುತ್ತೀರಿ, ಹಿಂದಿನದು ಎಳೆದತ್ತ ಬಂದು ಕಲ್ಲಿಗೆ ಉಜ್ಜಿಕೊಳ್ಳುತ್ತದೆ. ಗಾಳಿಯೂ ಸರಿಯಿರಲಿ. 70 ಕಿಲೋ ಆಸುಪಾಸಿನವರು ಹಿಂದೆ 25, ಮುಂದೆ 22 ಪಿಎಸ್‌ಐನಿಂದ ಶುರು ಮಾಡಿ ನೋಡಿಕೊಳ್ಳಿ. ತೀರಾ ಇಳಿಸಿದರೆ ಪಕ್ಕ ಉಬ್ಬಿ ಕಲ್ಲಿಗೆ ಎದೆಯೊಡ್ಡುತ್ತದೆ, ರಿಮ್ಮೂ ಬಡಿಯುತ್ತದೆ. ಪಂಚರ್ ಅಂಗಡಿ ಕಂಪ್ರೆಸರ್‌ನಲ್ಲಿ ಗಟ್ಟಿ ಹೊಡೆಸಿಕೊಂಡರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ಮೀಟರ್ ಇಲ್ಲದೆ ಹೆಬ್ಬೆರಳಲ್ಲಿ ಒತ್ತಿ "ಸರಿಯಿದೆ" ಅನ್ನುವವರ ಹತ್ತಿರ ಹೋಗಲೇಬೇಡಿ.

ಹರಿದ ಟೈರ್? ಒಳಗಡೆ ಹಳೇ ಟೈರಿನ ತುಂಡೊಂದನ್ನು ಅಡ್ಡ ಇಟ್ಟು, ಟ್ಯೂಬ್ ಹಾಕಿ, ನಿಧಾನವಾಗಿ ಮನೆಗೆ ಬನ್ನಿ. ಪಕ್ಕಕ್ಕೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಪಟ್ಟಿ) ನಂಬಬೇಡಿ. ಅಲ್ಲಿ ರಬ್ಬರ್ ತೆಳು, ಮೇಲಾಗಿ ಸದಾ ಬಾಗುತ್ತಿರುತ್ತದೆ, ಪ್ಲಗ್ ನಿಲ್ಲುವುದಿಲ್ಲ. ಹೊಲಿಸಿ ಒಳಗಿಂದ ಪ್ಯಾಚ್ ಹಾಕಿ ಮತ್ತೆ ಬೆಟ್ಟ ಇಳಿಯುತ್ತೇನೆ ಅನ್ನುವವರಿದ್ದಾರೆ. ಇಳಿಯಲಿ. ನಾನಂತೂ ಇಳಿಯುವುದಿಲ್ಲ.

ಪ್ರಶ್ನೆ: ಬಳ್ಳಾರಿ ಜಾಲಿ ಮುಳ್ಳಿಗೂ ದಪ್ಪ ಟೈರೇ ಮದ್ದಾ? (ಸಿರುಗುಪ್ಪ)

ಅಲ್ಲ. ಕಲ್ಲು ಪಕ್ಕ ಕತ್ತರಿಸುತ್ತದೆ, ಮುಳ್ಳು ಟ್ರೆಡ್‌ನಲ್ಲಿ ಇಳಿಯುತ್ತದೆ. ಮುಳ್ಳಿನ ತೂತು ಮುಚ್ಚುವುದು ಸೀಲೆಂಟ್‌ನ (ಟೈರಿನೊಳಗೆ ಹಾಕುವ ದ್ರವ) ಕೆಲಸ. ನೆಗ್ಗಿಲು ಮುಳ್ಳಿಗೂ ಅದೇ ಉತ್ತರ.

ಪ್ರಶ್ನೆ: ಸೀಲೆಂಟ್ ಬದಲು ಫೆವಿಕಾಲ್ ನೀರು ನಡೆಯುತ್ತಾ? (ಕುಷ್ಟಗಿ)

ಇಲ್ಲ.

ಪ್ರಶ್ನೆ: ನೈಟ್ರೋಜನ್ ಹೊಡೆಸಿದರೆ ಟೈರ್ ಬಾಳಿಕೆ ಬರುತ್ತಂತೆ? (ಬಳ್ಳಾರಿ)

ಹೊರಗಿನ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ದುಡ್ಡು ಉಳಿಸಿ.

ಪ್ರಶ್ನೆ: ರಬ್ಬರ್ ಬಿರುಕು ಬಿಡದಿರಲು ಇಂಜಿನ್ ಆಯಿಲ್ ಸವರಬಹುದಾ? (ಸಿಂಧನೂರು)

ಹೇಳಿಕೊಟ್ಟವರ ಸೈಕಲ್‌ಗೆ ಮೊದಲು ಸವರಿಸಿ! ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಸೀಮೆಎಣ್ಣೆಯೂ ಅಷ್ಟೇ. ಸೈಕಲ್ ನೆರಳಲ್ಲಿಡಿ.

ಪ್ರಶ್ನೆ: ಸೀಲೆಂಟ್ ಎಷ್ಟು ತಿಂಗಳಿಗೆ ಬದಲಿಸಬೇಕು? (ರಾಯಚೂರು)

ಡಬ್ಬಿಯ ಮೇಲೆ ಬರೆದದ್ದನ್ನು ರಾಯಚೂರಿನ ಬೇಸಿಗೆ ಓದುವುದಿಲ್ಲ. ಬಿಸಿಗೆ ಅದು ಬೇಗ ಒಣಗುತ್ತದೆ. ಏಪ್ರಿಲ್, ಮೇನಲ್ಲಿ ತಿಂಗಳಿಗೊಮ್ಮೆ ಗಾಳಿ ಬಿಟ್ಟು, ವಾಲ್ವ್ ಕೋರ್ (ವಾಲ್ವ್ ಒಳಗಿನ ಪಿನ್) ಬಿಚ್ಚಿ, ವಾಲ್ವ್ ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ ತೆಳ್ಳನೆ ಕಡ್ಡಿ ಒಳಗೆ ಬಿಡಿ. ತುದಿ ಒದ್ದೆಯಾಗಿ ಬಂದರೆ ಇನ್ನೂ ಇದೆ. ಒಣಗಿ ಬಂದರೆ ಅವತ್ತೇ ತುಂಬಿಸಿ.