ಕೋಲಾರದ ಪ್ಲಾಸ್ಟಿಕ್ ಕಡಲಿಗೆ ಸೇರುತ್ತದೆಯೇ? ಆಮೆಗಳು ಅದನ್ನು ಏಕೆ ತಿನ್ನುತ್ತವೆ?

ಸೇರಬಲ್ಲದು. ಆಮೆಗಳು ಅದನ್ನು ತಿನ್ನುವುದು ನೋಟಕ್ಕೆ ಮೋಸಹೋಗಿ ಮಾತ್ರವಲ್ಲ, ವಾಸನೆಗೆ ಮೋಸಹೋಗಿಯೂ ಹೌದು.

ಸಮುದ್ರಕ್ಕೆ ಬಿದ್ದ ಪ್ಲಾಸ್ಟಿಕ್ ಮೇಲೆ, ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಹಿಡಿಯುವಂತೆ, ಪಾಚಿ ಮತ್ತು ಸೂಕ್ಷ್ಮಜೀವಿಗಳ ಲೋಳೆಪದರ ಬೆಳೆಯುತ್ತದೆ. ಅದರಿಂದ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕಯುಕ್ತ ಅನಿಲ ಹೊರಡುತ್ತದೆ. ಕಡಲಿನಲ್ಲಿ ಆ ವಾಸನೆ ಬಂದರೆ ಅಲ್ಲಿ ಆಹಾರವಿದೆ ಎಂದರ್ಥ. ಎಷ್ಟೋ ಕಡಲಹಕ್ಕಿಗಳೂ ಅದನ್ನೇ ನಂಬಿ ಹಾರುತ್ತವೆ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಡಲಾಮೆಗಳು ಪಾಚಿಗಟ್ಟಿದ ಪ್ಲಾಸ್ಟಿಕ್‌ನ ವಾಸನೆಗೂ ನಿಜವಾದ ಆಹಾರದ ವಾಸನೆಗೂ ಒಂದೇ ರೀತಿ ಸ್ಪಂದಿಸಿದವು. ಶುಚಿಯಾದ ಪ್ಲಾಸ್ಟಿಕ್‌ಗೆ ಹಾಗೆ ಸ್ಪಂದಿಸಲಿಲ್ಲ. ಇದನ್ನು ಆಮೆಯ ದಡ್ಡತನ ಎನ್ನುವುದು ಅನ್ಯಾಯ.

ಆಮೆಯ ಗಂಟಲಿನಲ್ಲಿ ಒಳಮುಖವಾಗಿ ಬಾಗಿದ ಮುಳ್ಳುಗಳಿರುವುದರಿಂದ ಒಮ್ಮೆ ನುಂಗಿದ್ದನ್ನು ಉಗುಳುವುದು ಕಷ್ಟ. ಜೀರ್ಣವಾಗದ ಪ್ಲಾಸ್ಟಿಕ್ ಕರುಳನ್ನು ಕಟ್ಟಿ, ಹೊಟ್ಟೆ ತುಂಬಿದ್ದರೂ ಪ್ರಾಣಿ ಹಸಿವಿನಿಂದ ಸಾಯಬಹುದು.

ಇನ್ನು ನಮ್ಮ ಬಯಲುಸೀಮೆಯ ಪಾತ್ರ. ಟೊಮೆಟೊ ಹೊಲಗಳಲ್ಲಿ ಮಣ್ಣು ಮುಚ್ಚಲು ಹಾಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮಲ್ಚಿಂಗ್ ಹಾಳೆ, ಬಿಸಿಲಿಗೆ ಚೂರಾಗುತ್ತದೆ, ಮಳೆನೀರಿನೊಡನೆ ಕೆರೆಗೆ ಇಳಿಯುತ್ತದೆ. ಬಹುಪಾಲು ಕೆರೆಗಳಲ್ಲೋ ಅಣೆಕಟ್ಟುಗಳಲ್ಲೋ ಸಿಕ್ಕಿಕೊಳ್ಳುತ್ತದೆ, ನಿಜ. ಆದರೆ ಜೋರು ಮಳೆಯಲ್ಲಿ ಕೆರೆಗಳು ಕೋಡಿ ಹರಿದರೆ ಪಾಲಾರ್, ದಕ್ಷಿಣ ಪಿನಾಕಿನಿ ನದಿಗಳ ದಾರಿ ತೆರೆದೇ ಇರುತ್ತದೆ. ಎರಡೂ ತಮಿಳುನಾಡಿನ ಮೂಲಕ ಬಂಗಾಳ ಕೊಲ್ಲಿ ಸೇರುತ್ತವೆ. ಆ ಕರಾವಳಿಯ ಮರಳಿನಲ್ಲೇ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆ ಇಡುತ್ತವೆ.

ರೈತರಾದರೆ ಬೆಳೆ ಮುಗಿದ ಕೂಡಲೇ, ಉಳುಮೆಗೆ ಮೊದಲೇ ಹಾಳೆಯನ್ನು ಸುತ್ತಿ ತೆಗೆಯಿರಿ. ರೋಟವೇಟರ್ ಹೊಡೆದ ಮೇಲೆ ಆ ಚೂರುಗಳನ್ನು ಯಾರಿಂದಲೂ ಆರಿಸಲಾಗದು.